ಹೆಸರಿಲ್ಲದ ಪಾಳಿ

ಶಹಾಪುರದ ಕಚೇರಿಯ ಹಿಂದಿನ ಖೋಲಿಯಲ್ಲಿ
ಇಪ್ಪತ್ತಾರು ವರ್ಷದ ದಾವೆ
ಹನ್ನೊಂದು ಪುಟಕ್ಕೆ ಇಳಿದು ಕೂತಿತ್ತು.
ರಾಜಿಪತ್ರ.
ಎಡದಂಡೆಯ ನೀರಲ್ಲಿ ಬೇಡರದೊಡ್ಡಿಗೂ ಹಿಸ್ಸೆ ಇದೆ
ಎಂದು ಒಪ್ಪಿದ್ದಾರೆ. ಮೊಹರು ಇನ್ನೂ ಹಸಿ.

ಓದಿ ಹೇಳುವ ಕೆಲಸ ನನ್ನದು.
ದೊಡ್ಡಿಯಲ್ಲಿ ಡಿಪ್ಲೊಮಾ ಮುಗಿಸಿದವಳು ನಾನೊಬ್ಬಳೇ,
ಅದೂ ಸಿವಿಲ್ಲಲ್ಲ, ಹೊಲಿಗೆ.

ಒಂಬತ್ತನೇ ಪುಟದಲ್ಲೊಂದು ಖಾಲಿ ಚೌಕ:
ಎರಡು ಸಾವಿರದ ಅರವತ್ತನೇ ಇಸವಿಗೆ
ಬೇಕಾಗುವ ನೀರು, ಕ್ಯೂಸೆಕ್‌ಗಳಲ್ಲಿ.
ಬಾಗಿಲು ತೆರೆದ ಖಾಲಿ ಮನೆಗೆ ಇಣುಕಿದವರ ಹಾಗೆ
ಸುಮ್ಮನಾದೆವು.

ಇಂಜಿನಿಯರ್ ಅಜೀಜುದ್ದೀನ್ ಸಾಹೇಬರು ಒಳ್ಳೆಯವರು.
ಚಹಾ ತರಿಸಿ ಲೆಕ್ಕ ಬಿಡಿಸಿದರು:
ಇವತ್ತಿಗೆ ಮನೆ ಎಪ್ಪತ್ತೆರಡು,
ಶೇಕಡಾ ಇಷ್ಟರಂತೆ ಬೆಳೆಸಿದರೆ ನೂರಾ ಮೂವತ್ತು.
"ಬರದಬಿಡ್ರಿ."

"ಮನಿ ಎಪ್ಪತ್ತೆರಡ ಖರೆ," ಅಂದಳು ಸೂಗವ್ವ,
"ಒಲಿ ನೂರಾ ನಾಕು.
ಬಾಣಂತನಕ ಬರೋ ಹೆಣ್ಮಕ್ಕಳು ಬ್ಯಾರೆ.
ಆಡು ಕುರಿ ನೀ ಕೇಳೇ ಇಲ್ಲ."

ಮೇಲಿನ ಕ್ಯಾಂಪಿನ ಭತ್ತದವರು ಕಳಿಸಿದ ವೀರರಾಘವರಾವ್
ಕುರ್ಚಿ ಮುಂದೆ ಎಳೆದುಕೊಂಡ.
"ಹೊಲಗಾಲುವೆ ತೋಡಿ ನಿಮ್ಮ ಭೂಮಿಗೆ ನೀರು ಮುಟ್ಟೋದಕ್ಕೆ
ಏಳೆಂಟು ವರ್ಷ ಬೇಕು.
ಅಲ್ಲೀತನಕ ನಿಮ್ಮ ಪಾಳಿ ನಮಗೆ ಲೀಸಿಗೆ ಕೊಡ್ರಿ.
ರೊಕ್ಕ ಮುಂಗಡ."
ನಮ್ಮ ಹುಡುಗರ ಕಣ್ಣಲ್ಲಿ ತಗಡು ಹೋಗಿ ಸ್ಲ್ಯಾಬು ಬಿತ್ತು,
ನನ್ನ ಕಣ್ಣಲ್ಲಿ, ಸುಳ್ಳೇಕೆ,
ಮೋಟರಿನ ಹೊಲಿಗೆ ಮಶೀನು.

ಪಾಮನಾಯಕ ಬೀಡಿ ಹಚ್ಚಲಿಲ್ಲ, ಬೆರಳಲ್ಲೇ ತಿರುವಿದ.
"ಎಂಟು ವರ್ಷ ಅವರ ಗದ್ಯಾಗ ಮಲಗಿದ ನೀರು
ಒಂಬತ್ತನೇ ವರ್ಷ ನಮ್ಮ ದಾರಿ ಕೇಳ್ತದೇನ?"

ಆಗಲೇ ನಾನು ಹತ್ತನೇ ಪುಟ ತಿರುವಿದ್ದು.
ಕಲಮು ನಾಲ್ಕು, ಸಣ್ಣಕ್ಷರ:
ಬಳಸದೆ ಉಳಿದ ನೀರು
ಮೇಲ್ಭಾಗದವರಿಗೆ ಸೇರತಕ್ಕದ್ದು.
ಎರಡು ಸಲ ಓದಿದೆ.
ಎರಡನೇ ಸಲ ಇನ್ನೂ ಸಣ್ಣದಾಗಿತ್ತು.

ಸೂಗವ್ವ ಲೋಟ ಕೆಳಗಿಟ್ಟಳು.
"ನಮ್ಮ ಮುತ್ಯಾ ಶಿಕಾರಿ ಮನಿಶ್ಯಾ.
ಆದ್ರ ಹೊಂಡದ ದಂಡ್ಯಾಗ ಬಲಿ ಹಾಕ್ತಿದ್ದಿಲ್ಲ.
ಹುಣ್ಣಿವಿ ರಾತ್ರಿ ಹೊಂಡ ನಮ್ದಲ್ಲ,
ಯಾರ್ಯಾರೋ ಬಂದು ಕುಡೀತಾರ ಅಂತಿದ್ದ.
ಮುಂಜಾನಿ ಹೆಜ್ಜಿ ನೋಡಿದ್ರ ಮಾತ್ರ ಗೊತ್ತು, ಯಾರಂತ.
ಪಾಳಿಯೊಳಗ ಒಂದು ರಾತ್ರಿ ಹಂಗೇ ಬಿಡ್ರಿ.
ಅದು ಉಳಿದ ನೀರಲ್ಲ ಸಾಹೇಬ್ರ, ಕಾದ ನೀರು."

"ಬಿಸಿನೀರಾ?" ಗುಮಾಸ್ತ ತಲೆ ಎತ್ತಿದ.
ಯಾರೂ ನಗಲಿಲ್ಲ. ಆಮೇಲೆ
ಸೂಗವ್ವ ನಕ್ಕಳು, ಎಲ್ಲರೂ ನಕ್ಕರು,
ರಾವ್ ಕೂಡ, ಅರ್ಧ.

ನಮೂನೆಯಲ್ಲಿ ಹೆಸರಿಲ್ಲದ ಪಾಳಿಗೆ ಜಾಗವಿಲ್ಲ
ಎಂದರು ಸಾಹೇಬರು, ಬೇಜಾರಿನಲ್ಲೇ.
ಹೊಲಿಗೆಯಲ್ಲಿದೆ ಎಂದೆ ನಾನು.
ಕೂಸಿನ ಅಂಗಿಗೆ ಎರಡು ಬೆರಳು ಬಟ್ಟೆ
ಒಳಗೇ ಮಡಿಸಿ ಹೊಲಿಯುತ್ತೇವೆ.
ಕಾಣುವುದಿಲ್ಲ, ಕತ್ತರಿಸುವುದಿಲ್ಲ,
ಬೆಳೆದಾಗ ಬಿಚ್ಚುತ್ತೇವೆ.
ಅವರು ನನ್ನ ನೋಡಿ, ಪೆನ್ನು ಕೊಟ್ಟರು.

ಬುಧವಾರ, ರಾತ್ರಿ ಹತ್ತರಿಂದ ನಾಲ್ಕು.
ಹೆಸರು: ಬರುವವರು.
ತಂದೆಯ ಹೆಸರು?
"ದೊಡ್ಡಿ ಅಂತ ಬರಿ," ಅಂದಳು ಸೂಗವ್ವ,
"ತಾಯಿ ಹೆಸರೂ ಅದೇ."

ಕಡತ ಭೀಮರಾಯನಗುಡಿಗೆ ಹೋಗಿದೆ.
ಆಕ್ಷೇಪಣೆ ಬಂದೇ ಬರುತ್ತದೆ. ಕಲಮು ನಾಲ್ಕು
ಇನ್ನೂ ಹೊಡೆದುಹಾಕಿಲ್ಲ.
ಲೀಸಿನ ಮಾತೂ ಪೂರ್ತಿ ಮುಗಿದಿಲ್ಲ,
ಹುಡುಗರು ಕಟ್ಟೆಯಲ್ಲಿ ಕೂತು ಎಣಿಸುತ್ತಾರೆ.

ಅವತ್ತು ಸುರಪುರದ ಬಸ್ಸಿನಲ್ಲಿ, ಕಿಟಕಿ ಪಕ್ಕ,
"ಅರವತ್ತನೇ ಇಸವಿಗಿ ನಿನಗ ಎಷ್ಟಾಗಿರ್ತದ?"
ಎಂದು ಕೇಳಿದಳು.
ಅರವತ್ತೊಂದು ಎಂದೆ.
"ಆಯ್ತಲ್ಲ ಮತ್ತ.
ಒಂದು ಬುಧವಾರ ರಾತ್ರಿ ನೀನೇ ಹೋಗಿ
ತೂಬಿನ ಬಾಯಾಗ ಕೈ ಇಟ್ಟು ನೋಡು.
ತಣ್ಣಗಿದ್ರ
ಸುಮ್ಮನ ತಿರುಗಿ ಬಾ."