ಆಕ್ಷೇಪಣೆ ಹದಿನೇಳಕ್ಕೆ ಉತ್ತರ

ಮಾನ್ಯರೇ,
ಒಂದು ಕೋವಿಯ ಲೆಕ್ಕ ಇಡಲು ವರ್ಷಕ್ಕೆ ಎಷ್ಟು ಬೀಳುತ್ತದೆ,
ಬರುವ ಶುಲ್ಕಕ್ಕಿಂತ ಆಗುವ ಖರ್ಚೇಕೆ ಹೆಚ್ಚು
ಎಂದು ಕೇಳಿದ್ದೀರಿ.
ಕೋಲಾರ ಜಿಲ್ಲಾಧಿಕಾರಿ ಕಚೇರಿ, ಆಯುಧ ಶಾಖೆ,
ದ್ವಿತೀಯ ದರ್ಜೆ ಸಹಾಯಕಿ ಗಂಗರತ್ನ ಬರೆದುಕೊಳ್ಳುವುದು:

ಮೊದಲು ದಫ್ತರು.
ಕೆಂಪು ಬಟ್ಟೆಯ ರಟ್ಟು, ಮೂರು ಸಂಪುಟ.
ಮೊದಲನೆಯದರ ಎಡ ಅಂಚನ್ನು ಹುಳ ತಿಂದು
ಮುಳಬಾಗಿಲು ಎಂದಿದ್ದಲ್ಲಿ ಈಗ
ಬಾಗಿಲಷ್ಟೇ ಉಳಿದಿದೆ.
ನುಸಿಗುಳಿಗೆಗೆ ಹನ್ನೆರಡು, ಗೋಂದಿಗೆ ನಲವತ್ತು,
ನನ್ನ ಕೈಯಿಂದ.

ಆಮೇಲೆ ಕಂಪ್ಯೂಟರು.
ದೇಶಕ್ಕೆಲ್ಲ ಒಂದೇ ಪಟ್ಟಿ ಎಂದು ದಿಲ್ಲಿಯಿಂದ ಆದೇಶ ಬಂತು.
ಕೋವಿ ಇಟ್ಟವರಿಗೆ ಒಂದೊಂದು ಸಂಖ್ಯೆ,
ಒಂದೇ ಉಸಿರಿಗೆ ಓದಿ ಮುಗಿಯದಷ್ಟು ಉದ್ದ.
ಅದನ್ನು ಏರಿಸುವ ಮುದಸ್ಸಿರ್ ಹೊರಗುತ್ತಿಗೆಯ ಹುಡುಗ,
ಮೂರು ತಿಂಗಳ ಸಂಬಳ ಬಂದಿಲ್ಲ.
ಕೊಡದೇ ಇದ್ದದ್ದನ್ನು ಖರ್ಚೆಂದು ತೋರಿಸಿಲ್ಲ.
ಹಗಲು ಸರ್ವರ್ ಏಳುವುದಿಲ್ಲ,
ರಾತ್ರಿ ಮುದಸ್ಸಿರ್ ಏಳುತ್ತಾನೆ.

ಶ್ರೀನಿವಾಸಪುರದ ಪಿಳ್ಳವೆಂಕಟಪ್ಪ,
ಮಾವಿನ ತೋಪಿಗೆಂದು ಒಂದು ನಳಿಗೆಯ ನಾಡಕೋವಿ.
ಚುನಾವಣೆ ಬಂದಾಗೆಲ್ಲ ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಬೇಕು.
ಬಸ್ಸಿನಲ್ಲಿ ಅದಕ್ಕೂ ಲಗೇಜು ಹರಿದರು.
ಹಿಡಿಯನ್ನು ಗೆದ್ದಲು ತಿಂದು ಈಗ ಬರೀ ನಳಿಗೆ.
"ಮಾರಿದ್ರೆ ಎರಡು ಟೀ ಬರಲ್ಲ ಮೇಡಂ,
ಬರ್ಕೊಳ್ಳೋಕೆ ಇಷ್ಟು ಖರ್ಚಾ?"
ನಿಮ್ಮ ಪ್ರಶ್ನೆಯನ್ನು ನಿಮಗಿಂತ ಮೊದಲೇ ಕೇಳಿ
ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡರು.

ಚಾಂಪಿಯನ್ ರೀಫಿನ ಅಂತೋಣಿ ರಾಯಪ್ಪ
ನವೀಕರಣಕ್ಕೆ ತಾರೀಕಿಗೆ ಮೊದಲೇ ಬರುತ್ತಾರೆ.
ಗಣಿ ಮುಚ್ಚಿತು, ಕಾವಲು ಕೆಲಸ ಹೋಯಿತು, ಕೋವಿ ಮಂಚದಡಿ.
ಒಪ್ಪಿಸಿಬಿಡಿ ಎಂದೆ.
ಅವರು ಪುಟದಲ್ಲಿ ತಮ್ಮ ಹೆಸರಿನ ಕಾಗುಣಿತ ನೋಡಿ
ಸುಮ್ಮನೆ ಸಹಿ ಹಾಕಿದರು.

ಕಳೆದ ಮಾರ್ಚ್, ರಾತ್ರಿ ಒಂದೂವರೆ,
ಬಂಗಾರಪೇಟೆಯಿಂದ ಫೋನು:
ಅಣ್ಣತಮ್ಮಂದಿರ ಜಗಳ, ಒಳಗಿಂದ ಚಿಲಕ,
ಮನೆಯಲ್ಲಿ ಕೋವಿ ಇದೆಯಾ, ಎಷ್ಟು?
ಸರ್ವರ್ ಮಲಗಿತ್ತು.
ಗಲ್‌ಪೇಟೆಯಿಂದ ಗಂಡನ ಸ್ಕೂಟರಿನಲ್ಲಿ ಕಚೇರಿಗೆ,
ಬಾಯಲ್ಲಿ ಟಾರ್ಚು ಕಚ್ಚಿ ಸಂಪುಟ ಎರಡು, ಪುಟ ತೊಂಬತ್ತೊಂದು.
ಒಂದಲ್ಲ, ಎರಡು.
ಎರಡನೆಯದು ಸತ್ತ ತಾತನ ಹೆಸರಲ್ಲಿ, ಅಟ್ಟದ ಮೇಲೆ.
ಪೇದೆ ಎರಡನ್ನೂ ಹೊರಗೆ ತಂದರು.
ಬೆಳಗ್ಗೆ ಠಾಣೆಯ ಬೆಂಚಿನಲ್ಲಿ ಇಬ್ಬರೂ ದೂರ ದೂರ ಕೂತು
ಒಂದೇ ಹೋಟೆಲಿನ ಇಡ್ಲಿ ತಿಂದರಂತೆ.
ಪೆಟ್ರೋಲು ಅರವತ್ತು ರೂಪಾಯಿ, ರಸೀದಿ ಇಲ್ಲ.
ಆಗದೇ ಹೋದದ್ದನ್ನು
ಯಾವ ಲೆಕ್ಕಶೀರ್ಷಿಕೆಯಡಿ ತೋರಿಸಬೇಕೆಂದು
ದಯಮಾಡಿ ತಿಳಿಸುವುದು.

ಹಾಗೆಂದು ನಮ್ಮ ಪಟ್ಟಿಯನ್ನು ಹೊಗಳಲಾರೆ.
ಕಾಮಸಮುದ್ರದ ಹತ್ತಿರ ಹಂದಿಯೆಂದು ಹೊಡೆದದ್ದು
ಜೋಳದ ಹೊಲದಲ್ಲಿ ಕೂತಿದ್ದ ಚಲಪತಿಗೆ ತಗುಲಿತು.
ಹದಿನಾರು ವರ್ಷ. ಚೊಂಬಿನಲ್ಲಿ ನೀರು ಇನ್ನೂ ಇತ್ತು.
ಕೋವಿ, ನೀರಿನ ಪೈಪಿನಿಂದ ಯಾರೋ ಕಾಯಿಸಿ ಬಡಿದು ಮಾಡಿದ್ದು;
ಸಂಖ್ಯೆ ಇಲ್ಲ, ಪುಟ ಇಲ್ಲ.
ಇಲ್ಲವೆಂದು ಗೊತ್ತಿದ್ದೂ ಮೂರು ಸಂಪುಟ ತಿರುವಿದೆ.

ಮಾನ್ಯರೇ,
ಆ ಕೋವಿಯ ಮೇಲೆ ಸರ್ಕಾರ ಮಾಡಿದ ಖರ್ಚು ಸೊನ್ನೆ.
ಇಡೀ ಜಿಲ್ಲೆಯಲ್ಲಿ ಅಷ್ಟು ಅಗ್ಗದ್ದು ಇನ್ನೊಂದಿಲ್ಲ.
ಅವನ ತಾಯಿ ಒಂದು ಸಲ ಕಚೇರಿಗೆ ಬಂದಿದ್ದರು,
ಯಾವ ಶಾಖೆಗೆ ಹೋಗಬೇಕೆಂದು ತಿಳಿಯದೆ
ನನ್ನ ಮೇಜಿನೆದುರು ನಿಂತರು.
ನನಗೂ ತಿಳಿಯಲಿಲ್ಲ.

ತಲಾ ಕೋವಿಯ ಖರ್ಚು ಲಗತ್ತಿಸಿದೆ.
ಎರಡು ಸಲ ಕೂಡಿದ್ದೇನೆ, ಮೊತ್ತ ಸರಿಯಿದೆ.
ಗೋಂದಿನ ನಲವತ್ತು ಮಂಜೂರಾದರೆ
ಚೀಟಿಯೊಂದರಲ್ಲಿ ಮುಳ ಎಂದು ಬರೆದು
ಬಾಗಿಲಿಗೆ ಅಂಟಿಸುತ್ತೇನೆ.