ಸಬ್ಮಿಟ್ ಒತ್ತುವ ಮುಂಚೆ

ಲಗ್ಗೆರೆ ಸೇತುವೆ ಇಳಿದು ಎಡಕ್ಕೆ ತಿರುಗಿದರೆ
ಹಿಟ್ಟಿನ ಗಿರಣಿ. ಅದರ ಪಕ್ಕದ್ದು ನನ್ನ ಅಂಗಡಿ.
ಬೋರ್ಡಿನಲ್ಲಿ ನನ್ನ ಹೆಸರಿದೆ, ಯಾರೂ ಓದಿಲ್ಲ;
ಪಿಯು ಮಕ್ಕಳಿಗೆ ನಾನು ಜೆರಾಕ್ಸ್ ಆಂಟಿ.
ಕೀಬೋರ್ಡಿನ ಸಂದಿಯಲ್ಲಿ ಸದಾ ಒಂದಿಷ್ಟು ರಾಗಿಹಿಟ್ಟು.

ರಿಸಲ್ಟು ಬಂದ ಮೇಲೆ
ಫೈಲು ಎದೆಗವಚಿಕೊಂಡು ಬರುತ್ತಾರೆ.
ಜಾತಿ, ಆದಾಯ,
ಇಷ್ಟು ವರ್ಷ ಇಲ್ಲೇ ಓದಿದ್ದಕ್ಕೆ ಹೆಡ್‌ಮಾಸ್ಟರ ಸಹಿ,
ಕನ್ನಡದಲ್ಲೇ ಓದಿದ್ದಕ್ಕೆ ಇನ್ನೊಂದು ಸಹಿ.
ಹದಿನೇಳು ವರ್ಷದ ಬದುಕಿಗೆ ಎಷ್ಟೊಂದು ಸಾಕ್ಷಿ!
ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ;
ಸರ್ಕಾರದ ಲೆಕ್ಕಕ್ಕೆ ಅವರು ಇಬ್ಬರು ಹುಡುಗಿಯರು.

ಇವತ್ತು ಹಂಸವೇಣಿ.
ಕೊನೇ ದಿನ, ಆರಕ್ಕೆ ಬಂದ್.
ಮಾವ ಬರೆದುಕೊಟ್ಟ ಪಟ್ಟಿ
ಯಾರದೋ ಲಗ್ನಪತ್ರಿಕೆಯ ಬೆನ್ನ ಮೇಲೆ.
ಒಂದರಿಂದ ಒಂಬತ್ತು ಕಂಪ್ಯೂಟರ್,
ಹತ್ತಕ್ಕೂ ಕಂಪ್ಯೂಟರ್, ಕಾಲೇಜು ಬೇರೆ.
"ನಿಂಗೇನು ಬೇಕು?" ಅಂದೆ.
ಗಿರಣಿಯ ಸದ್ದು ನಿಲ್ಲಲಿ ಅಂತ ಕಾದಳು.
"ಸಿವಿಲ್ಲು, ಆಂಟಿ.
ಮೆಟ್ರೋ ಕಂಬ ಕಟ್ತಾರಲ್ಲ,
ತುದೀಲಿ ಕಂಬೀನ ಯಾಕೆ ಹಂಗೆ ಬಗ್ಗಿಸಿರ್ತಾರೆ?
ಬಸ್ಸಲ್ಲಿ ದಿನಾ ನೋಡ್ತೀನಿ. ಯಾರಿಗೂ ಗೊತ್ತಿಲ್ಲ."
ನನಗೂ ಗೊತ್ತಿಲ್ಲ.
ಲಗ್ನಪತ್ರಿಕೆಯನ್ನು ಮಗುಚಿಟ್ಟೆ,
ಗಣಪತಿ ಮೇಲಾದ.

"ನನ್ನ ರ‍್ಯಾಂಕಿಗೆ ಸಿಗಲ್ವೇನೋ, ಕೆಳಗೆ ಹಾಕ್ಲಾ?"
ಸಿಗುತ್ತೋ ಇಲ್ವೋ, ಅದು ಮಿಷನ್ನಿನ ತಲೆನೋವು.
ಬೇಕಾದ್ದು ಮೇಲೆ, ಆದೀತು ಅನ್ನೋದು ಕೆಳಗೆ,
ಬೇಡವೇ ಬೇಡ ಅನ್ನೋದನ್ನ ಬರೀಲೇ ಬೇಡ.
ಬನಶಂಕರಿ ಆಚೆಯದಕ್ಕೆ ಎರಡು ಬಸ್ಸು.
ಬಸ್ಸು ಪುಕ್ಕಟೆ ಕಣೇ, ಹೊತ್ತು ಪುಕ್ಕಟೆಯಲ್ಲ.

ಇಷ್ಟು ಧೈರ್ಯವಾಗಿ ಹೇಳುತ್ತೇನಲ್ಲ,
ಕಲಿತದ್ದು ಇನ್ನೊಬ್ಬರ ಖರ್ಚಿನಲ್ಲಿ.
ಆರೋಕ್ಯಸ್ವಾಮಿ ಅಂತ ಒಬ್ಬ ಹುಡುಗ, ಮೂರು ವರ್ಷದ ಹಿಂದೆ.
ಒಂದು ಒತ್ತಬೇಕಾದಲ್ಲಿ ಹನ್ನೊಂದು ಒತ್ತಿದೆ.
ಕರೆಂಟು ಹೋಗಿತ್ತು, ಯುಪಿಎಸ್ ಕೂಗುತ್ತಿತ್ತು,
ಹಿಂದೆ ಆರು ಜನ ನಿಂತಿದ್ದರು. ಎಲ್ಲ ನಿಜ.
ಬೆರಳು ನನ್ನದು, ಅದೂ ನಿಜ.
ಈಗಲೂ ಬರುತ್ತಾನೆ,
ಡಿಎಲ್ ಜೆರಾಕ್ಸಿಗೆ, ಗಾಡಿಯ ಆರ್‌ಸಿ ಜೆರಾಕ್ಸಿಗೆ.
ಚಿಲ್ಲರೆ ಎಣಿಸಿ ಕೊಡುತ್ತಾನೆ, ಆ ಮಾತು ಎತ್ತುವುದಿಲ್ಲ.
ಎತ್ತಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಮಕ್ಕಳೇ ಓದಬೇಕು,
ಎರಡು ಸಲ, ಗಿರಣಿಗಿಂತ ಜೋರಾಗಿ.
ಹಂಸವೇಣಿ ಓದಿದಳು.
ರಾಗಿ ಬೀಸಿಸಲು ಬಂದ ಅಜ್ಜಿ
ಮಂತ್ರ ಅಂದುಕೊಂಡು ನಿಂತು ಕೇಳಿದಳು.

ಐದೂ ಇಪ್ಪತ್ತು. ಓಟಿಪಿ ಬೇಕು.
ಅದು ಹೋಗುವುದು ಅಮ್ಮನ ಫೋನಿಗೆ.
ಅಮ್ಮ ಪೀಣ್ಯದಲ್ಲಿ, ಓಟಿ ಮೇಲೆ, ಕಾಲರ್ ಹೊಲಿಯುತ್ತಾ;
ಫೋನು ಗಾರ್ಮೆಂಟ್ಸಿನ ಗೇಟಿನಲ್ಲಿ,
ನೂರಾ ಹದಿನೇಳನೇ ಗೂಡಿನಲ್ಲಿ.
ವಾಚ್‌ಮನ್ ತಿಮ್ಮರಾಯಪ್ಪನ ನಂಬರು
ಅವಳ ಅಂಗೈ ಮೇಲಿತ್ತು, ಬೆವರಿಗೆ ಅರ್ಧ ಅಳಿಸಿ.

"ಗೂಡು ಮುಟ್ಟಂಗಿಲ್ಲಮ್ಮ, ಕೆಲ್ಸ ಹೋಯ್ತದೆ."
ಸುಮ್ಮನಾದ. ಲಾರಿ ಹಾರ್ನು. ಯಾರಿಗೋ ಬೈದ.
ಆಮೇಲೆ ಫೋನಿನಲ್ಲಿ
ಬೀಗದ ಕೈ ಗೊಂಚಲಿನ ಸದ್ದು.
"ಬರ್ಕಳಿ. ನಾಕು. ಸೊನ್ನೆ. ಒಂಬತ್ತು.
ಕನ್ನಡಕ ಇಲ್ಲ, ತಡೀರಿ, ಆರೋ ಎಂಟೋ…
ಎಂಟು. ಎಂಟೇ.
ಇನ್ನೊಂದು ಎಂಟು. ಮೂರು."
ನಾನು ಮತ್ತೆ ಹೇಳಿದೆ. ಅವನು ಮತ್ತೆ ಹೇಳಿದ.
ಮೌಸ್ ಅವಳ ಕೈಗೆ ಕೊಟ್ಟೆ.

ಪ್ರಿಂಟು ಬಿಸಿಯಾಗಿ ಹೊರಗೆ ಬಂತು.
ಮೊದಲ ಸಾಲನ್ನು ಬೆರಳಿಟ್ಟು ನೋಡಿದಳು,
ಮಾವನಿಗೆ ಏನು ಹೇಳುವುದೆಂದು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಸೀಟು ಸಿಕ್ಕೀತೋ ಇಲ್ಲವೋ.
ಆರಕ್ಕೆ ಐದು ನಿಮಿಷ ಇದ್ದಾಗ ಮತ್ತೆ ಫೋನು:
"ಹಿಡೀತೇನಮ್ಮ ನಂಬರು?"
ಹಿಡೀತು.
"ನಮ್ ತಂಗಿ ಮಗ ಹತ್ತನೇ ಕ್ಲಾಸು. ಕಳಿಸ್ಲಾ?"
ಕಳಿಸಿ.
ಅವರಮ್ಮನ ಫೋನೂ ತರಲಿ.