ಮೈಗೆ ಹತ್ತುವ ತನಕ

ಸೋಹಾರ್ ಬಂದರಿನ ಮೂರನೇ ಗೇಟಿನ ಹಿಂದೆ
ತುಕ್ಕು ಹಿಡಿದ ಕಂಟೇನರಿನ ಪಕ್ಕ
ಮುಂಜಾನೆ ನಾಲ್ಕಕ್ಕೆ ಕುಕ್ಕರುಗಾಲಲ್ಲಿ ಕೂತಿದ್ದೇನೆ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ,
ಹದಿನೇಳು ಕಾರಿದ್ದನ್ನು ಓದುತ್ತ.

ಹದಿನೇಳು ಅಂದರೆ ನಾಯಿ.
ಕಂಪನಿಯ ಪಟ್ಟಿಯಲ್ಲಿ ಅದಕ್ಕೆ ಅಷ್ಟೇ ಹೆಸರು.
ನನಗೂ ಒಂದು ನಂಬರಿದೆ, ಅದಕ್ಕಿಂತ ಉದ್ದದ್ದು.

ಹಳದಿ ನೊರೆ. ಅಗುಳಿಲ್ಲ.
ಅಂದರೆ ಹೊಟ್ಟೆ ಖಾಲಿಯಿತ್ತು, ಪಿತ್ತ ಮೇಲೆ ಬಂತು.
ಅಗುಳು ಇಡಿಯಾಗಿ ಬಿದ್ದಿದ್ದರೆ ತಪ್ಪು ನನ್ನದು,
ಕಲಸಿಟ್ಟು ಇಪ್ಪತ್ತು ನಿಮಿಷ ಕಾಯದೆ
ತಟ್ಟೆ ಮುಂದೆ ತಳ್ಳಿದೆನೆಂದೇ ಅರ್ಥ.

ಎಂಟು ವರ್ಷ ಲಾರಿಗಳ ಹೊಟ್ಟೆ ಕೆಳಗೆ ಮೂಗಿಟ್ಟ ಪ್ರಾಣಿ.
ಹೋದ ರಂಜಾನಿನಲ್ಲಿ ಸೊರಗತೊಡಗಿತು.
ಎರಡು ತಟ್ಟೆ ತಿಂದು ಮೂರನೆಯದಕ್ಕೆ ಗೋಗರೆಯೋದು,
ಹೇತದ್ದೆಲ್ಲ ಎಣ್ಣೆ ಎಣ್ಣೆ,
ಪಕ್ಕೆಲುಬು ಬೆರಳಿಗೆ ಲೆಕ್ಕ ಸಿಗೋದು.
ಜಂತು ಅಂದರು. ಮುದಿತನ ಅಂದರು.
ಕೊನೆಗೆ ಪಟ್ಟಿಯ ಮೇಲೆ ಗೀಟು ಎಳೆದರು.
ನನಗೆ ಕೊಡ್ರಿ ಅಂದೆ.
ಸೂಪರ್‌ವೈಸರ್ ನಕ್ಕು ಸಹಿ ಹಾಕಿದ.

ಡಾಕ್ಟರ್ ರಬಾಬ್ ಚೀಟಿಯ ಹಿಂದೆ ಚಿತ್ರ ಬರೆದರು:
ಜಠರದ ಬೆನ್ನಿಗೆ ಒಂದು ಉದ್ದನೆಯ ಎಲೆ,
ಅನ್ನ ಅರಗಿಸುವ ರಸ ಬಿಡಬೇಕಾದ್ದು, ಬತ್ತಿದೆ.
ವಾಸಿಯಾಗೋದಿಲ್ಲ, ನಿಭಾಯಿಸಬೇಕು, ಅಷ್ಟೇ.
ವಾರಕ್ಕೊಂದು ಸೂಜಿ, ಪ್ರತಿ ತುತ್ತಿಗೂ ಪುಡಿ.
ಆ ಎಲೆಗೆ ನಮ್ಮಲ್ಲಿ ಏನಂತಾರೆ ಅಂತ
ರಾತ್ರಿ ಭಾಲ್ಕಿಗೆ ಫೋನ್ ಹಚ್ಚಿ ಮಹಾನಂದಾಳನ್ನು ಕೇಳಿದೆ.
ಮೇದೋಜೀರಕ, ಅಪ್ಪಾ. ಯಾಕ, ನಿನಗೇನಾತು?
ನನಗಲ್ಲ, ಹದಿನೇಳಕ್ಕ.
ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ.
ಅವಳಿಗೂ ಈ ಶ್ರಾವಣಕ್ಕೆ ಹದಿನೇಳು.

ಪುಡಿಯ ಡಬ್ಬಿಗೆ ಮೂವತ್ತೆಂಟು ರಿಯಾಲು.
ಎರಡು ಡಬ್ಬಿ ಕೊಂಡೆ. ಮೂರನೆಯದಕ್ಕೆ
ಕಸಾಯಿ ಖಲ್ಫಾನನ ಅಂಗಡಿಗೆ ಹೋಗಿ
ಅಂಗೈ ಮೇಲೆ ಎಲೆ ಬರೆದು ತೋರಿಸಿದೆ.
ಮೊದಲು ನಾಲಿಗೆ ತಂದ, ಆಮೇಲೆ ಗುಲ್ಮ,
ಮೂರನೇ ಸಲ ಸರಿಯಾದದ್ದು. ಎತ್ತಿನದು.
ದುಡ್ಡು ಬೇಡ, ಇದನ್ನು ಯಾರೂ ಕೇಳೋದಿಲ್ಲ ಅಂದ.
ಹಸಿಯೇ ಕೊಡು ಅಂದರು ಡಾಕ್ಟರ್,
ಬೇಯಿಸಿದರೆ ಅದರ ಜೀವ ಹೋಗ್ತದೆ, ಬಿಸಿನೀರೂ ಸುರಿಯಬೇಡ.

ಅಂಗಿಯೊಳಗಿನ ಕರಡಿಗೆಯನ್ನು ಬೆನ್ನಿನ ಕಡೆ ಸರಿಸಿ
ಕೊಚ್ಚುತ್ತೇನೆ.
ಅವ್ವನಿಗೆ ಹೇಳಿಲ್ಲ.
ಗುಲ್ಜಮಾನನ ಫ್ರಿಜ್ಜಿನಲ್ಲಿ ಇಡುತ್ತೇನೆ, ಐಸ್‌ಕ್ರೀಮ್ ಡಬ್ಬಿಯಲ್ಲಿ.
ಒಮ್ಮೆ ಅವನು ಚಮಚ ಹಿಡಿದು ಮುಚ್ಚಳ ತೆಗೆದ.
ಆ ಮಾತು ಇಲ್ಲಿ ಬೇಡ.

ಆಮೇಲೆ ಇಪ್ಪತ್ತು ನಿಮಿಷ.
ತಟ್ಟೆಯ ಆಚೆ ಅದು, ಈಚೆ ನಾನು.
ಜೊಲ್ಲು ದಾರದ ಹಾಗೆ ಇಳಿಯುತ್ತದೆ, ಬಾಯಿ ಹಾಕೋದಿಲ್ಲ.
ನಾನೇ ಕಲಿಸಿದ ಶಿಸ್ತು, ಬೇರೆ ಕೆಲಸಕ್ಕಾಗಿ.
ಕ್ರೇನುಗಳು ತಿರುಗುತ್ತವೆ. ಬಿಸಿ ಗಾಳಿಗೆ ಮೀನಿನ ವಾಸನೆ.
ಅದರ ಹೊಟ್ಟೆ ಮಾಡಬೇಕಾದ ಕೆಲಸ
ಅಲ್ಯೂಮಿನಿಯಂ ತಟ್ಟೆಯಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ.
ರಜೆಗೆ ಹೋದಾಗೆಲ್ಲ ಅವ್ವ ನನ್ನ ಮಣಿಕಟ್ಟು ಹಿಡಿದು ಕೇಳ್ತಾಳೆ,
ಹದಿನಾಲ್ಕು ವರ್ಷ ಅಲ್ಲಿ ಉಂಡದ್ದು
ಮೈಗೇ ಹತ್ತಿಲ್ಲಲ್ಲೋ.

ಹಳದಿ ನೊರೆಯ ಮೇಲೆ ಮರಳು ಎಳೆದು ಏಳುತ್ತೇನೆ.
ರಾತ್ರಿ ಎಂಟರ ಊಟಕ್ಕೂ ಬೆಳಗಿನದಕ್ಕೂ ನಡುವೆ ಅಂತರ ಜಾಸ್ತಿ.
ಇವತ್ತಿನಿಂದ ಒಂದು ಗಂಟೆಗೆ ಇನ್ನೊಂದು ಹಿಡಿ,
ಅಂದರೆ ಹನ್ನೆರಡು ನಲವತ್ತಕ್ಕೆ ಅಲಾರಂ.

ಶೆಡ್ಡಿನ ತಕ್ಕಡಿಗೆ ಅದು ಒಂಟಿಯಾಗಿ ಹತ್ತೋದಿಲ್ಲ,
ಎತ್ತಿಕೊಂಡೇ ನಿಲ್ಲಬೇಕು.
ಕಿವಿ ನನ್ನ ಗದ್ದಕ್ಕೆ, ಉಸಿರು ಹುಳಿ ಹುಳಿ.
ಇಬ್ಬರೂ ಸೇರಿ ತೊಂಬತ್ತೊಂದು ಕಿಲೋ ಮುನ್ನೂರು ಗ್ರಾಂ.
ಹೋದ ವಾರ ಬರೀ ತೊಂಬತ್ತೊಂದು.

ಹೆಚ್ಚಿದ್ದು ಯಾರದೋ.
ನಾನು ಬೇರೆ ನಿಂತು ನೋಡಲಿಲ್ಲ.